ಅಪರೂಪ ಆದರೆ ಸಾಕೇ? ಹಳೆ ಸಿನಿಮಾ ಪೋಸ್ಟರ್‌ಗಳ ಬೆಲೆ ಏರಿಳಿಯುವ ಬಗೆ

(ಸಿನಿಮಾ ಆಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಪರದೆ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2018ರ ಅಕ್ಟೋಬರ್ ಕೊನೆಯಲ್ಲಿ ಸೋಥಬಿಸ್ ಹರಾಜು ಸಂಸ್ಥೆ ಒಂದು ಪೋಸ್ಟರನ್ನು ಹರಾಜಿಗಿಟ್ಟಿತು. 1932ರ 'ದಿ ಮಮ್ಮಿ' ಚಿತ್ರದ್ದು, ಕರೋಲಿ ಗ್ರೋಸ್ ವಿನ್ಯಾಸ. ಇದರ ಪ್ರತಿಗಳು ಪ್ರಪಂಚದಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಇದೇ ಚಿತ್ರದ ಪೋಸ್ಟರ್ 1997ರಲ್ಲಿ 4,53,500 ಡಾಲರ್‌ಗೆ ಮಾರಾಟವಾಗಿ ದಾಖಲೆ ಮಾಡಿತ್ತು. ಹಾಗಾಗಿ ಈ ಸಲ 10ರಿಂದ 15 ಲಕ್ಷ ಡಾಲರ್ ಬರಬಹುದು ಅಂತ ಅಂದಾಜು ಹಾಕಿದ್ದರು. ಪತ್ರಿಕೆಗಳೂ ಬರೆದವು. ಹರಾಜು ಮುಗಿಯಿತು. ಪೋಸ್ಟರ್ ಮಾರಾಟವಾಗಲಿಲ್ಲ.

ಅದಕ್ಕೂ ಹಿಂದಿನ ವರ್ಷ, 2017ರ ನವೆಂಬರ್‌ನಲ್ಲಿ, 1931ರ 'ಡ್ರಾಕುಲಾ' ಪೋಸ್ಟರ್ ಹೆರಿಟೇಜ್ ಅನ್ನುವ ಸಂಸ್ಥೆಯ ಹರಾಜಿನಲ್ಲಿ 5,25,800 ಡಾಲರ್ ತಂದಿತ್ತು. ಎರಡೂ ಯೂನಿವರ್ಸಲ್ ಸ್ಟುಡಿಯೋದವು, ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು, ಎರಡೂ ಸಿಗುವುದು ಕಷ್ಟ. ಒಂದು ಹರಾಜಿನ ದಾಖಲೆ ಬರೆಯಿತು, ಇನ್ನೊಂದು ವಾಪಸ್ ಹೋಯಿತು. ಯಾಕೆ ಹೀಗೆ? ಇವತ್ತಿನ ಮಾತು ಅದರ ಬಗ್ಗೆಯೇ.

ಪೋಸ್ಟರ್ ಕೊಳ್ಳುವವರ ಬಾಯಲ್ಲಿ ಅತಿ ಹೆಚ್ಚು ಓಡಾಡುವ ಮಾತು 'ಅಪರೂಪ'. ಮಾರುವವರ ಬಾಯಲ್ಲಂತೂ ಕೇಳಲೇಬೇಡಿ! ಅಪರೂಪದ ವಸ್ತು ಎಷ್ಟೋ ಇವೆ. ಹೆಸರೇ ಕೇಳಿರದ ನೂರಾರು ಚಿತ್ರಗಳ ಪೋಸ್ಟರ್‌ಗಳು ಒಂದೊಂದೇ ಪ್ರತಿ ಉಳಿದಿವೆ. ಯಾರಿಗೂ ಬೇಡ. ಬೇಕು ಅನ್ನುವವರು ಇಬ್ಬರಾದರೂ ಇದ್ದರೆ ತಾನೇ ಹರಾಜು ನಡೆಯೋದು?

ಮೊದಲು ಪೂರೈಕೆಯ ಕಡೆ ನೋಡೋಣ. ಇವು ಯಾಕೆ ಇಷ್ಟು ಕಡಿಮೆ ಉಳಿದವು?

ಪೋಸ್ಟರ್‌ಗಳನ್ನು ಯಾರೂ ಇಟ್ಟುಕೊಳ್ಳಲಿ ಅಂತ ಅಚ್ಚು ಹಾಕಿರಲಿಲ್ಲ. ಅಮೆರಿಕದಲ್ಲಿ ಚಿತ್ರಮಂದಿರಗಳು ರೀಲಿನ ಜೊತೆಗೆ ಇವನ್ನೂ ಬಾಡಿಗೆಗೆ ತರುತ್ತಿದ್ದವು. ಚಿತ್ರ ಹೋದ ಮೇಲೆ ಹಂಚಿಕೆದಾರರಿಗೆ ವಾಪಸ್ ಕೊಡಬೇಕು. ಅದೇ ಕಾಗದ ಮುಂದಿನ ಊರಿಗೆ, ಅಲ್ಲಿಂದ ಇನ್ನೊಂದು ಊರಿಗೆ. ಹರಿದ ಮೇಲೆ ಕಸಕ್ಕೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಳೆ ಕಾಗದವನ್ನೆಲ್ಲ ಕೂಡಿಸಿ ಮರುಬಳಕೆಗೆ ಕಳಿಸಿದರು, ಅದರಲ್ಲೂ ಬೇಕಾದಷ್ಟು ಹೋದವು.

ಇಲ್ಲಿ ಅಳತೆಯ ಮಾತು ಬರುತ್ತೆ. ಒನ್‌ಶೀಟ್ ಅನ್ನುವುದು 27 ಇಂಚು ಅಗಲ, 41 ಇಂಚು ಎತ್ತರದ ಮಾಮೂಲಿ ಪೋಸ್ಟರ್. ತ್ರೀಶೀಟ್ ಅದರ ಮೂರರಷ್ಟು, ಸಿಕ್ಸ್‌ಶೀಟ್ ಆರರಷ್ಟು. 24 ಶೀಟ್ ಅಂದರೆ ರಸ್ತೆಬದಿಯ ದೊಡ್ಡ ಹಲಗೆಗೆ ಅಂಟಿಸುವಂಥದ್ದು. ದೊಡ್ಡವು ಹೊರಗಿನ ಗೋಡೆಗೆ ಅಂಟಿ ಮಳೆ ಬಿಸಿಲಿಗೆ ಹೋದವು. ಅದೇ ಲಾಬಿ ಕಾರ್ಡ್ ನೋಡಿ. 11 ಇಂಚಿಗೆ 14 ಇಂಚು, ದಪ್ಪ ಕಾಗದ, ಸಾಮಾನ್ಯವಾಗಿ ಎಂಟರ ಸೆಟ್. ಅದನ್ನು ಪಿನ್ನು ಚುಚ್ಚಿ ಚಿತ್ರಮಂದಿರದ ಒಳಗೆ ಹಾಕುತ್ತಿದ್ದರು, ಗೋಂದು ಬಳಿಯುತ್ತಿರಲಿಲ್ಲ. ಹಾಗಾಗಿ ಒಂದೇ ಚಿತ್ರದ ಸಿಕ್ಸ್‌ಶೀಟ್ ಒಂದೂ ಸಿಗದಿದ್ದರೂ ಲಾಬಿ ಕಾರ್ಡ್ ಸಿಗುವುದುಂಟು.

1940ರ ಹೊತ್ತಿಗೆ ಪರಿಸ್ಥಿತಿ ಬದಲಾಯಿತು. ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಅನ್ನುವ ಕಂಪನಿ 1920ರಲ್ಲಿ ಟ್ರೇಲರ್ ಹಂಚಲು ಶುರುವಾಗಿತ್ತು. ಅದು ಹೆಚ್ಚಿನ ಸ್ಟುಡಿಯೋಗಳ ಪೋಸ್ಟರ್ ಹಂಚಿಕೆಯನ್ನೂ ಕೈಗೆ ತೆಗೆದುಕೊಂಡಿತು. ಸಂಗ್ರಾಹಕರ ಪಾಲಿಗೆ ಇದು ದೊಡ್ಡ ಉಪಕಾರ, ಯಾಕೆಂದರೆ ಅವರು ಪ್ರತಿ ಚಿತ್ರಕ್ಕೂ ಒಂದು ನಂಬರ್ ಕೊಟ್ಟರು.

ಪರದೆ ಮೇಲಿನ ಈ ಒನ್‌ಶೀಟ್ ನೋಡಿ. ಕೆಳಗೆ ಬಲಗಡೆ, ಬಿಳಿ ಅಂಚಿನಲ್ಲಿ, ಸಣ್ಣಕ್ಷರದಲ್ಲಿ 77/21 ಅಂತಿದೆ, ಕಾಣ್ತಾ ಇದೆಯಾ? 77 ಅಂದರೆ 1977. 21 ಅಂದರೆ ಆ ವರ್ಷದ ಪಟ್ಟಿಯಲ್ಲಿ ಆ ಚಿತ್ರದ ಸಂಖ್ಯೆ. ಇದು 'ಸ್ಟಾರ್ ವಾರ್ಸ್'. ಮರುಬಿಡುಗಡೆಯದ್ದಾದರೆ ಮುಂದೆ 'ಆರ್' ಅಕ್ಷರ ಇರುತ್ತೆ. 'ಗಾನ್ ವಿತ್ ದಿ ವಿಂಡ್' 1939ರ ಚಿತ್ರ. ಅದರ ಪೋಸ್ಟರ್ ಅಂತ ಯಾರಾದರೂ ತಂದಾಗ ಅಂಚಿನಲ್ಲಿ 'ಆರ್' ಆದ ಮೇಲೆ 54 ಅಂತಿದ್ದರೆ ಅದು 1954ರದ್ದು. ಬೆಲೆಯಲ್ಲಿ ಅಜಗಜಾಂತರ.

ಇನ್ನೊಂದು ನೋಡಿ. ಅಡ್ಡಕ್ಕೆ ಮೂರು ಮಡಿಕೆ, ಉದ್ದಕ್ಕೆ ಒಂದು. ಹೊಸಬರು ಇದನ್ನು ನೋಡಿ ಮುಖ ಸಿಂಡರಿಸುತ್ತಾರೆ. 'ಮಡಚಿಬಿಟ್ಟಿದ್ದಾರಲ್ಲ!' ಅಂತ. 1980ರ ದಶಕದ ಆರಂಭದ ತನಕ ಒನ್‌ಶೀಟ್‌ಗಳು ಸಾಮಾನ್ಯವಾಗಿ ಮಡಚಿಕೊಂಡೇ ಚಿತ್ರಮಂದಿರಕ್ಕೆ ಬರುತ್ತಿದ್ದವು. 1950ರ ಒನ್‌ಶೀಟ್‌ನಲ್ಲಿ ಮಡಿಕೆಯೇ ಇಲ್ಲ ಅಂದರೆ ಆಗ ನೀವು ಪ್ರಶ್ನೆ ಕೇಳಬೇಕು. ಮಡಿಕೆಗಳು ಒಂದನ್ನೊಂದು ದಾಟುವ ಜಾಗದಲ್ಲಿ ಬೆರಳಿಟ್ಟು ನೋಡಿ. ಕಾಗದ ಮೊದಲು ಸವೆಯುವುದು ಅಲ್ಲೇ. ಪುಟ್ಟ ತೂತು ಬೀಳುತ್ತೆ. ರಿಪೇರಿ ಮಾಡಿದ್ದರೂ ಹಿಂದಿನಿಂದ ಬೆಳಕು ಬಿಟ್ಟರೆ ಕಾಣುತ್ತೆ.

ಸರಿ, ಪೂರೈಕೆ ಕಡಿಮೆ ಅಂದೆ. ಆದರೆ ಅದು ಗಟ್ಟಿಯಾಗಿ ನಿಂತ ಸಂಖ್ಯೆ ಅಲ್ಲ. ಪ್ರಪಂಚಕ್ಕೆ ಒಂದೇ ಪ್ರತಿ ಅಂದಾಗ, ಇವತ್ತಿನವರೆಗೆ ಸಿಕ್ಕಿದ್ದು ಒಂದು ಅಂತಷ್ಟೇ ಲೆಕ್ಕ.

ಪೆನ್ಸಿಲ್ವೇನಿಯಾದ ಬರ್ವಿಕ್ ಅನ್ನುವ ಊರಿನ ಕತೆ ಕೇಳಿ. ಅಲ್ಲಿನ ಒಂದು ಅಟ್ಟದಲ್ಲಿ ದಪ್ಪ ಕಾಗದದ ಗಟ್ಟಿ ಒಂದು ಸಿಕ್ಕಿತು. ನೋಡಿದರೆ 33 ಪೋಸ್ಟರ್‌ಗಳು, ಒಂದರ ಮೇಲೊಂದು ಅಂಟಿಕೊಂಡಿವೆ. 1930–31ರವು. ಹೊಸ ಚಿತ್ರ ಬಂದಾಗಲೆಲ್ಲ ಹಳೆಯದನ್ನು ಕೀಳದೆ ಅದರ ಮೇಲೇ ಗೋಡೆ ಕಾಗದದ ಗೋಂದು ಬಳಿದು ಅಂಟಿಸಿದ್ದರು. ಸೋಮಾರಿತನವೋ ಅವಸರವೋ, ಅದರಿಂದಲೇ ಅವು ಉಳಿದವು. ಒಳಗಿನ ಪೋಸ್ಟರ್‌ಗಳಿಗೆ ಬೆಳಕೇ ತಾಗಿರಲಿಲ್ಲ, ಬಣ್ಣ ಹಾಗೇ ಇತ್ತು. ಹಬೆ ಹಾಯಿಸಿ, ಗೋಂದು ಸಡಿಲಿಸಿ, ಒಂದೊಂದಾಗಿ ಬಿಡಿಸಿದರು. 2012ರ ಮಾರ್ಚ್‌ನಲ್ಲಿ ಹೆರಿಟೇಜ್ ಅವನ್ನು ಮಾರಿದಾಗ ಒಟ್ಟು 5 ಲಕ್ಷ ಡಾಲರ್ ದಾಟಿತು. ಅದರಲ್ಲಿದ್ದ 'ಡ್ರಾಕುಲಾ' ಒಂದಕ್ಕೇ 1,43,400.

ಇದರ ಇನ್ನೊಂದು ಮಗ್ಗುಲೂ ಇದೆ. ನಿಮ್ಮ ಹತ್ತಿರ ಒಂದು ಚಿತ್ರದ ಏಕೈಕ ಪ್ರತಿ ಇದೆ ಅಂತಿಟ್ಟುಕೊಳ್ಳಿ. ಲಕ್ಷಗಟ್ಟಲೆ ಡಾಲರ್ ಕೊಡಬಲ್ಲವರು ಇಡೀ ಪ್ರಪಂಚದಲ್ಲಿ ಕೆಲವೇ ಮಂದಿ. ಹರಾಜಿನಲ್ಲಿ ಬೆಲೆ ಏರಿಸುವುದು ಗೆದ್ದವನಲ್ಲ, ಎರಡನೆಯವನಾಗಿ ಸೋತವನು. ಎರಡನೇ ಪ್ರತಿ ಸಿಕ್ಕಿತು ಅನ್ನಿ, ಅವನು ಅದನ್ನು ಕೊಂಡು ಮನೆಗೆ ಹೋದ. ಮೂರನೇದು ಬಂದಾಗ ಕೂಗುವವರು ಯಾರು? ನನ್ನ ಲೆಕ್ಕದಲ್ಲಿ 'ದಿ ಮಮ್ಮಿ'ಗೆ ಆಗಿದ್ದು ಇದೇ ಜಾತಿಯ ಕತೆ. ಮೇಲಿನ ಮೆಟ್ಟಿಲಲ್ಲಿ ನಿಂತವರು ತೀರಾ ಕಡಿಮೆ ಇದ್ದಾಗ ಒಬ್ಬ ಮನಸ್ಸು ಬದಲಿಸಿದರೂ ಹರಾಜು ಬಿದ್ದುಹೋಗುತ್ತೆ.

ಇಂಟರ್ನೆಟ್ ಬಂದಾಗ ಮಧ್ಯಮ ದರ್ಜೆಯ ಪೋಸ್ಟರ್‌ಗಳಿಗೆ ಏನಾಯಿತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ, ಇದು ನಿಮಗೇ ಗೊತ್ತಿರುವಂಥದ್ದು. 1995ರಲ್ಲಿ ಇಬೇ ಅನ್ನುವ ಆನ್‌ಲೈನ್ ಮಾರಾಟ ತಾಣ ಶುರುವಾಗುವ ಮೊದಲು ಪೋಸ್ಟರ್ ಬೇಕಾದವರು ವ್ಯಾಪಾರಿಗಳು ಅಂಚೆಯಲ್ಲಿ ಕಳಿಸುವ ಪಟ್ಟಿ ನೋಡಬೇಕಿತ್ತು, ಇಲ್ಲವೇ ಸಂಗ್ರಾಹಕರ ಮೇಳಗಳಿಗೆ ಹೋಗಬೇಕಿತ್ತು. ಒಂದು ಪೋಸ್ಟರ್ ಹತ್ತು ವರ್ಷ ಕಣ್ಣಿಗೆ ಬೀಳದಿದ್ದರೆ ಅದು ಅಪರೂಪ ಅಂತಲೇ ಎಲ್ಲರೂ ನಂಬಿದ್ದರು. ಇಬೇ ಬಂತು, ಎಲ್ಲರ ಮನೆಯ ಅಟ್ಟವೂ ಒಟ್ಟಿಗೆ ತೆರೆಯಿತು. ಸಿಗಲ್ಲ ಅಂದುಕೊಂಡಿದ್ದು ವಾರಕ್ಕೊಂದು ಸಿಗತೊಡಗಿತು. ಅಂಥವುಗಳ ಬೆಲೆ ಕುಸಿಯಿತು. ಇಷ್ಟೆಲ್ಲ ತೆರೆದ ಮೇಲೂ ಸಿಗದವು ಯಾವುವೋ, ಅವುಗಳ ಬೆಲೆ ಇನ್ನೂ ಮೇಲೆ ಹೋಯಿತು.

ಈಗ ಬೇಡಿಕೆಗೆ ಬರೋಣ. ನನಗೆ ಹೆಚ್ಚು ಮಜಾ ಕೊಡುವ ಭಾಗ ಇದು.

ಮನುಷ್ಯ ನಲವತ್ತು ಐವತ್ತರಲ್ಲಿ ಕೈಯಲ್ಲಿ ದುಡ್ಡು ಓಡಾಡುವಾಗ, ಹತ್ತು ಹನ್ನೆರಡರಲ್ಲಿ ನೋಡಿದ್ದನ್ನು ಹುಡುಕುತ್ತಾನೆ ಅಂತ ಈ ವಲಯದಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ. ಜೀನ್ ಆಟ್ರಿ, ರಾಯ್ ರೋಜರ್ಸ್, ಹೋಪಲಾಂಗ್ ಕ್ಯಾಸಿಡಿ ಕೌಬಾಯ್ ಚಿತ್ರಗಳ ಪೋಸ್ಟರ್‌ಗಳಿಗೆ ಒಂದು ಕಾಲದಲ್ಲಿ ಕಿತ್ತಾಟವೇ ನಡೆಯುತ್ತಿತ್ತು. ಶನಿವಾರದ ಆಟಗಳಲ್ಲಿ ಅವನ್ನು ನೋಡಿ ಬೆಳೆದವರು ವಯಸ್ಸಾಗಿ ಹೋದರು. ಅವರ ಸಂಗ್ರಹಗಳು ಮಾರುಕಟ್ಟೆಗೆ ಬಂದವು, ಕೊಳ್ಳುವವರು ಅದೇ ಹೊತ್ತಿಗೆ ಕಡಿಮೆಯಾದರು. ಪೂರೈಕೆ ಏರಿತು, ಬೇಡಿಕೆ ಇಳಿಯಿತು. ಬೆಲೆ ಏನಾಗಿರಬಹುದು, ನೀವೇ ಹೇಳಿ.

ಆದರೆ ಈ ವಿವರಣೆ ಪೂರ್ತಿ ಅಲ್ಲ ಅನ್ನುವುದು ನನ್ನ ವಾದ. ಅದೇ ಸರಿಯಾಗಿದ್ದರೆ 1931ರ 'ಡ್ರಾಕುಲಾ' ಬೆಲೆ ಯಾವತ್ತೋ ಬೀಳಬೇಕಿತ್ತು. 1931ರಲ್ಲಿ ಹನ್ನೆರಡು ವರ್ಷದವರಾಗಿದ್ದವರು 2017ಕ್ಕೆ ಹರಾಜಿಗೆ ಬರುವ ವಯಸ್ಸಿನವರಾಗಿರಲಿಲ್ಲ. ಅಷ್ಟು ದುಡ್ಡು ಕೊಟ್ಟವರು ಯಾವ ಪೀಳಿಗೆಯವರು?

ಉತ್ತರ ಟಿವಿಯಲ್ಲಿದೆ. 1957ರಲ್ಲಿ ಯೂನಿವರ್ಸಲ್‌ನ ಹಳೆ ಭಯಾನಕ ಚಿತ್ರಗಳನ್ನು ಸ್ಕ್ರೀನ್ ಜೆಮ್ಸ್ ಕಂಪನಿ 'ಶಾಕ್' ಅನ್ನುವ ಹೆಸರಿನಲ್ಲಿ ಒಂದು ಗಂಟಾಗಿ ಅಮೆರಿಕದ ಟಿವಿ ಕೇಂದ್ರಗಳಿಗೆ ಕೊಟ್ಟಿತು. ತಡರಾತ್ರಿ ಪ್ರಸಾರ. ಡ್ರಾಕುಲಾ, ಫ್ರಾಂಕನ್‌ಸ್ಟೈನ್, ಮಮ್ಮಿ ಎಲ್ಲರೂ ಮನೆಯೊಳಗೇ ಬಂದರು. ಮರುವರ್ಷವೇ 'ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್' ಅನ್ನುವ ಪತ್ರಿಕೆ ಶುರುವಾಯಿತು. ಇವನ್ನು ನೋಡಿ, ಓದಿ ಬೆಳೆದ ಮಕ್ಕಳು 1990ರ ದಶಕಕ್ಕೆ ದುಡ್ಡಿರುವ ದೊಡ್ಡವರಾದರು. 1990ರಲ್ಲಿ ಕ್ರಿಸ್ಟೀಸ್ ಹರಾಜು ಸಂಸ್ಥೆ ಹಳೆ ಸಿನಿಮಾ ಪೋಸ್ಟರ್‌ಗಳಿಗಾಗಿಯೇ ನ್ಯೂಯಾರ್ಕ್‌ನಲ್ಲಿ ಹರಾಜು ಶುರು ಮಾಡಿತು. ಎರಡೂ ಕೂಡಿ ಬಂತು. 1997ರ 'ದಿ ಮಮ್ಮಿ' ದಾಖಲೆಯ ಹಿಂದಿರುವುದು 1932ರ ಚಿತ್ರಮಂದಿರ ಅಲ್ಲ, 1957ರ ಟಿವಿ.

ನನ್ನ ಮಾತಿನ ತಿರುಳು ಇದು. ಪೋಸ್ಟರ್‌ನ ಬೆಲೆ ಕಟ್ಟುವುದು ಚಿತ್ರದ ಮೊದಲ ಬಿಡುಗಡೆ ಅಲ್ಲ, ಎರಡನೇ ಸುತ್ತು. ಆ ಚಿತ್ರವನ್ನು ಮತ್ತೆ ಯಾರು ತೋರಿಸಿದರು, ಎಷ್ಟು ಸಲ ತೋರಿಸಿದರು, ಯಾವ ವಯಸ್ಸಿನವರಿಗೆ ತೋರಿಸಿದರು ಅಂತ ನೋಡಿ. ಮೂವತ್ತು ವರ್ಷ ಬಿಟ್ಟು ಬೆಲೆ ಅಲ್ಲಿಂದ ಹುಟ್ಟುತ್ತೆ.

'ಇಟ್ಸ್ ಎ ವಂಡರ್‌ಫುಲ್ ಲೈಫ್' ನೋಡಿ. 1946ರ ಚಿತ್ರ, ಬಿಡುಗಡೆಯಾದಾಗ ಹಾಕಿದ ದುಡ್ಡು ವಾಪಸ್ ಬಂದಿರಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಿಸುವುದನ್ನು ಬಿಟ್ಟರು. ದುಡ್ಡು ಕೊಡಬೇಕಿಲ್ಲ ಅಂತ ಗೊತ್ತಾದದ್ದೇ ತಡ, ಟಿವಿ ಕೇಂದ್ರಗಳು ಪ್ರತಿ ಕ್ರಿಸ್‌ಮಸ್‌ಗೆ ಅದನ್ನೇ ಹಾಕಿದ್ದೂ ಹಾಕಿದ್ದೇ. ಒಂದು ಕಚೇರಿಯ ಮರೆವಿನಿಂದ ಇಡೀ ಪೀಳಿಗೆಯ ಅಚ್ಚುಮೆಚ್ಚಿನ ಚಿತ್ರವಾಯಿತು. ಈಗ ಅದರ ಮೂಲ ಪೋಸ್ಟರ್‌ಗೆ ಸಾವಿರಾರು ಡಾಲರ್ ತೆರಬೇಕು.

1982ರಲ್ಲಿ 'ಬ್ಲೇಡ್ ರನ್ನರ್', 'ದಿ ಥಿಂಗ್' ಎರಡೂ ನಿರೀಕ್ಷೆಯಷ್ಟು ಓಡಲಿಲ್ಲ. ವಿಡಿಯೋ ಕ್ಯಾಸೆಟ್ ಕಾಪಾಡಿತು. ಬಾಡಿಗೆಗೆ ತಂದು ಹತ್ತು ಸಲ ನೋಡಿದ ಹುಡುಗರು ಈಗ ಕೊಳ್ಳುವ ವಯಸ್ಸಿನಲ್ಲಿದ್ದಾರೆ. ಜಾನ್ ಆಲ್ವಿನ್, ಡ್ರೂ ಸ್ಟ್ರೂಜನ್ ಕೈಯಲ್ಲಿ ಬರೆದ ಆ ಪೋಸ್ಟರ್‌ಗಳನ್ನು 'ತೀರಾ ಇತ್ತೀಚಿನವು' ಅಂತ ಹಳೆ ಸಂಗ್ರಾಹಕರು ಮೂಗು ಮುರಿಯುತ್ತಿದ್ದರು. ಈಗ ಮುರಿಯಲ್ಲ.

ಮೂಕಿ ಚಿತ್ರಗಳಿಗೆ ಈ ಎರಡನೇ ಸುತ್ತು ಸಿಕ್ಕಿದ್ದು ಕಡಿಮೆ. ಅದ್ಭುತ ಲಿಥೋ (ಕಲ್ಲಚ್ಚು) ಮುದ್ರಣ, ಕಣ್ಣು ಕುಕ್ಕುವ ಬಣ್ಣ, ಆದರೂ ಎಷ್ಟೋ ತಾರೆಯರ ಹೆಸರೇ ಈಗಿನವರಿಗೆ ಗೊತ್ತಿಲ್ಲ. ಅದಕ್ಕೆ ಅಪವಾದಗಳೂ ಇವೆ, ಚಾಪ್ಲಿನ್ ಇದ್ದಾನೆ, ಕೀಟನ್ ಇದ್ದಾನೆ. 'ಮೆಟ್ರೊಪೊಲಿಸ್' ಅಂತೂ ಬೇರೆಯೇ ಲೋಕ. ಹೈಂಜ್ ಶುಲ್ಜ್-ನ್ಯೂಡಾಮ್ ಬರೆದ ಅದರ ಜರ್ಮನ್ ಪೋಸ್ಟರ್ 2005ರಲ್ಲಿ, ಹರಾಜಿನಲ್ಲಲ್ಲ, ಖಾಸಗಿ ಮಾರಾಟದಲ್ಲಿ, 6,90,000 ಡಾಲರ್‌ಗೆ ಹೋಯಿತು. ಅದರಲ್ಲಿ ಕಲಾಕೃತಿ ಕೊಳ್ಳುವವರೂ ಸಿನಿಮಾದವರೂ ಒಂದೇ ವಸ್ತುವಿಗೆ ಕೈ ಚಾಚುತ್ತಾರೆ.

ನನ್ನ ಸಿದ್ಧಾಂತಕ್ಕೆ ಸರಿಯಾಗಿ ಅಡ್ಡ ಬರುವ ಪೋಸ್ಟರ್ ಒಂದಿದೆ, ಮುಚ್ಚಿಡಲ್ಲ. 1927ರ 'ಲಂಡನ್ ಆಫ್ಟರ್ ಮಿಡ್‌ನೈಟ್'. ಲಾನ್ ಚೇನಿ ನಟಿಸಿದ್ದು. ಚಿತ್ರದ ಕೊನೆಯ ಪ್ರತಿ 1960ರ ದಶಕದಲ್ಲಿ ಎಂಜಿಎಂ ಸ್ಟುಡಿಯೋದ ಗೋದಾಮಿನ ಬೆಂಕಿಯಲ್ಲಿ ಸುಟ್ಟುಹೋಯಿತು ಅನ್ನುತ್ತಾರೆ. ಅಂದರೆ ಈಗ ಬದುಕಿರುವ ಹೆಚ್ಚುಕಡಿಮೆ ಯಾರೂ ಅದನ್ನು ನೋಡಿಲ್ಲ. ಎರಡನೇ ಸುತ್ತು ಇಲ್ಲವೇ ಇಲ್ಲ. ಆದರೂ 2014ರಲ್ಲಿ ಅದರ ಪೋಸ್ಟರ್ 4,78,000 ಡಾಲರ್ ತಂದಿತು. ನಾನು ಕೊಡುವ ಸಮಜಾಯಿಷಿ ಇಷ್ಟು: ಭಯಾನಕ ಚಿತ್ರಗಳ ಪತ್ರಿಕೆಗಳು ಚೇನಿಯ ಆ ಹಲ್ಲು ಕಿರಿದ ಮುಖವನ್ನು ದಶಕಗಳ ಕಾಲ ಅಚ್ಚು ಹಾಕಿದವು. ಚಿತ್ರ ಮತ್ತೆ ಓಡಲಿಲ್ಲ, ಫೋಟೋ ಓಡಿತು. ಒಪ್ಪದಿದ್ದರೆ ಆಮೇಲೆ ಜಗಳ ಆಡೋಣ.

ಇನ್ನೊಂದು ಬಗೆಯ ಕೊಳ್ಳುವವರಿದ್ದಾರೆ. ಚಿತ್ರ ನೋಡಿದ್ದಾರೋ ಇಲ್ಲವೋ ಬೇಕಿಲ್ಲ, ಗೋಡೆಗೆ ಚೆಂದ ಕಾಣಬೇಕು. ಇವರಿಂದ ಅಭಿರುಚಿ ತುಂಬಾ ಬದಲಾಯಿತು. 1958ರ 'ಅಟ್ಯಾಕ್ ಆಫ್ ದಿ 50 ಫುಟ್ ವುಮನ್' ಚಿತ್ರವನ್ನು ಪೂರ್ತಿ ನೋಡಿ ಮುಗಿಸುವುದು ಸಾಹಸ. ಆದರೆ ರೆನಾಲ್ಡ್ ಬ್ರೌನ್ ಬರೆದ ಅದರ ಪೋಸ್ಟರ್? ಹೆದ್ದಾರಿಯ ಮೇಲೆ ಕಾಲು ಅಗಲಿಸಿ ನಿಂತು ಕಾರು ಎತ್ತುತ್ತಿರುವ ಹೆಂಗಸು. ಚಿತ್ರದಲ್ಲಿ ಇಂಥ ದೃಶ್ಯವೇ ಇಲ್ಲ ಅನ್ನುವುದು ಯಾರಿಗೆ ಬೇಕು! ಅದೇ ವರ್ಷದ 'ವರ್ಟಿಗೊ', ಮರುವರ್ಷದ 'ಅನಾಟಮಿ ಆಫ್ ಎ ಮರ್ಡರ್' ಎರಡಕ್ಕೂ ಸಾಲ್ ಬಾಸ್ ಮಾಡಿದ ಪೋಸ್ಟರ್‌ಗಳನ್ನು ವಿನ್ಯಾಸ ಕಲಿತವರೆಲ್ಲ ಬಯಸುತ್ತಾರೆ.

ಹೊರದೇಶದ ಪೋಸ್ಟರ್‌ಗಳ ಏಳಿಗೆಯೂ ಇವರಿಂದಲೇ. ಮೊದಲು ಇದ್ದ ನಂಬಿಕೆ ಏನೆಂದರೆ, ಚಿತ್ರ ಯಾವ ದೇಶದ್ದೋ ಆ ದೇಶದ ಪೋಸ್ಟರೇ ಅಸಲಿ, ಉಳಿದವು ಎರಡನೇ ದರ್ಜೆ. ಇದು ಮುರಿದುಬಿತ್ತು. 'ಕಾಸಾಬ್ಲಾಂಕಾ'ಗೆ ಇಟಲಿಯಲ್ಲಿ ಲುಯಿಜಿ ಮಾರ್ಟಿನಾಟಿ ಬರೆದ ದೊಡ್ಡ ಪೋಸ್ಟರ್ 1946ರದ್ದು. 2017ರಲ್ಲಿ ಅದು 4,78,000 ಡಾಲರ್‌ಗೆ ಮಾರಾಟವಾಯಿತು. ಹೌದು, ಈಗ ಹೇಳಿದ 'ಲಂಡನ್ ಆಫ್ಟರ್ ಮಿಡ್‌ನೈಟ್' ಬೆಲೆಯೂ ಸರಿಯಾಗಿ ಇಷ್ಟೇ, ಸುಮ್ನೆ ಕಾಕತಾಳೀಯ. ಅಮೆರಿಕದ್ದು ಬಿಲ್ ಗೋಲ್ಡ್ ಜೋಡಿಸಿದ ಮುಖಗಳ ಗುಂಪು. ಇಟಲಿಯದು ನಿಜವಾದ ಚಿತ್ರಕಲೆ. ಪಕ್ಕಪಕ್ಕ ಇಟ್ಟರೆ ನಾನೂ ಇಟಲಿಯದನ್ನೇ ಆರಿಸುತ್ತೇನೆ.

ಪೋಲೆಂಡ್ ಕತೆ ಇನ್ನೂ ಸ್ವಾರಸ್ಯ. ಅಲ್ಲಿ ಸಿನಿಮಾ ಹಂಚಿಕೆ ಸರ್ಕಾರದ ಕೈಯಲ್ಲಿತ್ತು. ಟಿಕೆಟ್ ಮಾರುವ ಒತ್ತಡ ಇಲ್ಲ, ತಾರೆಯ ಮುಖ ದೊಡ್ಡದಾಗಿ ಹಾಕಿ ಅನ್ನುವ ಸ್ಟುಡಿಯೋ ಇಲ್ಲ. ಕಲಾವಿದರು ತಮಗೆ ತೋಚಿದ್ದು ಬರೆದರು. 'ಕ್ಯಾಬರೆ' ಚಿತ್ರಕ್ಕೆ ವಿಕ್ಟರ್ ಗುರ್ಕಾ ಮಾಡಿದ 1973ರ ಪೋಸ್ಟರ್‌ನಲ್ಲಿ ನಾಲ್ಕು ಕಾಲುಗಳು ಸೇರಿ ಸ್ವಸ್ತಿಕವಾಗುತ್ತವೆ, ನಡುವೆ ನಗುವ ಮುಖ. ಒಮ್ಮೆ ನೋಡಿದರೆ ಮರೆಯಲ್ಲ. 1968ರಲ್ಲೇ ವಾರ್ಸಾದ ವಿಲಾನೂವ್‌ನಲ್ಲಿ ಪೋಸ್ಟರ್‌ಗಳಿಗೇ ಒಂದು ಮ್ಯೂಸಿಯಂ ತೆರೆದರು. ಇವುಗಳಲ್ಲಿ ಎಷ್ಟೋ ಈಗಲೂ ಕೈಗೆಟಕುವ ಬೆಲೆಗೆ ಸಿಗುತ್ತವೆ, ಯಾಕೆಂದರೆ ಪ್ರತಿಗಳು ಸಾಕಷ್ಟು ಉಳಿದಿವೆ. ಕಲೆ ಎಷ್ಟೇ ಚೆನ್ನಾಗಿದ್ದರೂ ಪೂರೈಕೆ ಬೆಲೆಯನ್ನು ಕೆಳಗೇ ಹಿಡಿದಿಡುತ್ತೆ.

ಬೇಡಿಕೆ ಏರಿದರೆ ಪೂರೈಕೆ ಸುಮ್ಮನಿರುತ್ತದೆಯೇ? ಎರಡು ದಾರಿಯಲ್ಲಿ ಬರುತ್ತೆ. ಒಂದು ನೇರ ದಾರಿ. ಅಮೆರಿಕದ ಆಸ್ಟಿನ್‌ನ ಮೊಂಡೊ ಸಂಸ್ಥೆ ಹಳೆ ಚಿತ್ರಗಳಿಗೆ ಹೊಸ ಕಲಾವಿದರಿಂದ ಸ್ಕ್ರೀನ್‌ಪ್ರಿಂಟ್ ಮಾಡಿಸಿ, ಇಷ್ಟೇ ಪ್ರತಿ ಅಂತ ನಂಬರ್ ಹಾಕಿ ಮಾರಿತು. ನಿಮಿಷಗಳಲ್ಲಿ ಖಾಲಿ. ಕೆಲವು ಆ ಸಂಜೆಯೇ ಹಲವು ಪಟ್ಟು ಬೆಲೆಗೆ ಇಬೇಯಲ್ಲಿ. 2022ರಲ್ಲಿ ಗೊಂಬೆ ಮಾಡುವ ಫಂಕೊ ಕಂಪನಿ ಅದನ್ನು ಕೊಂಡಿತು. ಕಡಿಮೆ ಪ್ರತಿ ಅಂತ ತಾವೇ ತೀರ್ಮಾನಿಸಿ ಮಾಡಿದ್ದಕ್ಕೂ ತಾನಾಗಿ ಕಡಿಮೆಯಾಗಿದ್ದಕ್ಕೂ ವ್ಯತ್ಯಾಸ ಇದೆ ಅಂತ ನಾನು ನಂಬುವವನು. ಮೊದಲನೆಯದರಲ್ಲಿ ಕೊಂಡವರೆಲ್ಲ ಜೋಪಾನವಾಗಿ ಇಟ್ಟಿರುತ್ತಾರೆ. ಮೂವತ್ತು ವರ್ಷ ಬಿಟ್ಟರೂ ಅಷ್ಟೂ ಪ್ರತಿ ಹೊಸದರಂತೆ ಇರುತ್ತವೆ.

ಇನ್ನೊಂದು ಅಡ್ಡದಾರಿ. 2009ರಲ್ಲಿ 1930ರ ದಶಕದ ಭಯಾನಕ ಚಿತ್ರಗಳ ನಕಲಿ ಲಾಬಿ ಕಾರ್ಡ್, ಪೋಸ್ಟರ್‌ಗಳ ದೊಡ್ಡ ವಂಚನೆ ಬಯಲಾಯಿತು. ಪಳಗಿದ ಸಂಗ್ರಾಹಕರೇ ಮೋಸ ಹೋಗಿದ್ದರು. ಬೆಲೆ ಎಲ್ಲಿ ಹೆಚ್ಚೋ ನಕಲಿಯೂ ಅಲ್ಲೇ.

ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿದರು: 'ಸಾರ್, ಈಗಿನ ಸಿನಿಮಾಗಳ ಪೋಸ್ಟರ್ ಕೂಡಿಟ್ಟರೆ ಮುಂದೆ ಬೆಲೆ ಬರುತ್ತಾ?'

ಹಾಲಿವುಡ್ ಮಟ್ಟಿಗೆ ಹೇಳುವುದಾದರೆ, 1990ರ ಆಚೆಈಚೆಯಿಂದ ಚಿತ್ರಮಂದಿರಕ್ಕೆ ಹೋಗುವ ಒನ್‌ಶೀಟ್‌ಗಳನ್ನು ಎರಡೂ ಬದಿ ಮುದ್ರಿಸುವ ರೂಢಿ ಬಂತು. ಹಿಂದೆ ದೀಪ ಇರುವ ಪೆಟ್ಟಿಗೆಯಲ್ಲಿ ಹಾಕಿದಾಗ ಬಣ್ಣ ಗಾಢವಾಗಿ ಕಾಣಲಿ ಅಂತ. ಇವನ್ನು ಜನ ಮೊದಲ ದಿನದಿಂದಲೇ ಸುರುಳಿ ಮಾಡಿ ಎತ್ತಿಟ್ಟಿದ್ದಾರೆ. ಹಾಗಾಗಿ ಹೆಚ್ಚಿನವಕ್ಕೆ ಬೆಲೆ ಬರುವುದು ಕಷ್ಟ. ಸ್ಟುಡಿಯೋ ಹಿಂದಕ್ಕೆ ತರಿಸಿಕೊಂಡವು ಬೇರೆ. 1983ರಲ್ಲಿ 'ರಿಟರ್ನ್ ಆಫ್ ದಿ ಜೆಡೈ' ಆಗಿ ಬಂದ ಚಿತ್ರಕ್ಕೆ ಮೊದಲು 'ರಿವೆಂಜ್ ಆಫ್ ದಿ ಜೆಡೈ' ಅಂತ ಪೋಸ್ಟರ್ ಅಚ್ಚಾಗಿತ್ತು. ಹೆಸರು ಬದಲಾದ ಮೇಲೆ ಉಳಿದ ಪ್ರತಿಗಳನ್ನು ಅಭಿಮಾನಿ ಸಂಘದವರಿಗೆ ಒಂಬತ್ತೂವರೆ ಡಾಲರ್‌ಗೆ ಮಾರಿದರು. ಇವತ್ತು ಅದಕ್ಕೆ ನೂರಾರು ಡಾಲರ್ ಕೊಡಬೇಕು. ಅದರ ನಕಲಿಗಳೂ ರಾಶಿ ಇವೆ, ಕೊಳ್ಳುವ ಮೊದಲು ಗೊತ್ತಿರುವವರಿಗೆ ತೋರಿಸಿ.

ಇನ್ನೊಬ್ಬರು, 'ಹಾಗಾದರೆ ಈಗ ಹತ್ತು ವರ್ಷದ ಮಕ್ಕಳು ಯಾವುದನ್ನು ಮತ್ತೆ ಮತ್ತೆ ನೋಡ್ತಿದ್ದಾರೋ ಅದನ್ನ ಕೊಂಡಿಡಬೇಕು ಅಲ್ವಾ?' ಅಂದರು. ಲೆಕ್ಕ ಸರಿಯಾಗಿದೆ. ತೊಡಕು ಎಲ್ಲಿ ಅಂದರೆ, ಅವರು ಮೊಬೈಲ್‌ನಲ್ಲಿ ನೋಡುವ ಎಷ್ಟೋ ಚಿತ್ರಗಳು ಚಿತ್ರಮಂದಿರಕ್ಕೇ ಬಂದಿಲ್ಲ. ಬಂದ ಕಡೆಯೂ ಹಜಾರದಲ್ಲಿ ಕಾಗದದ ಜಾಗಕ್ಕೆ ಡಿಜಿಟಲ್ ಪರದೆಗಳು ಬರುತ್ತಿವೆ. ಕೊಂಡಿಡೋಣ ಅಂದರೆ ಅಚ್ಚಾದ ಪೋಸ್ಟರ್ ಇರಬೇಕಲ್ಲ.